ಆರ್ಕ್ ಹೊಡೆಯುವ ಮೊದಲು: ಅಚ್ಚು ರಿಪೇರಿಗೆ ಇಳಿದವನಿಗೆ ಕಿವಿಮಾತು

ಮಗಾ, ಬ್ರೂಕ್‌ಫೀಲ್ಡ್‌ನಲ್ಲಿ ಶೆಡ್ ಹಿಡಿದು ಮೋಲ್ಡ್, ಡೈ ರಿಪೇರಿ ಶುರು ಮಾಡುತ್ತೇನೆ ಎಂದೆಯಲ್ಲ, ಒಳ್ಳೆಯದಾಯಿತು. ಆ ಏರಿಯಾ ಎಂದರೆ ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡವರದು ಎಂದು ನಮ್ಮ ನೆಂಟರೆಲ್ಲ ನಂಬಿದ್ದಾರೆ. ದೊಡ್ಡನೆಕ್ಕುಂದಿ, ಮಹದೇವಪುರ, ಹೂಡಿ ಕಡೆಯ ಗಲ್ಲಿಗಳಲ್ಲಿ ಪ್ರೆಸ್ಸು, ಇಂಜೆಕ್ಷನ್ ಮೆಷಿನ್ನು ಇನ್ನೂ ಓಡುತ್ತಿವೆ ಎಂಬುದು ಅವರಿಗೆ ಗೊತ್ತಿಲ್ಲ. ಬೆಂಗಳೂರಿನ ಈ ಮಗ್ಗುಲಿಗೆ ಅಚ್ಚು ಹೊಸದೂ ಅಲ್ಲ. ದೂರವಾಣಿನಗರದಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ ಶುರುವಾದದ್ದು 1948ರಲ್ಲಿ. ಟೆಲಿಫೋನಿನ ಹೊರಮೈ ಎಂದರೆ ಅಚ್ಚಿನಿಂದಲೇ ಹುಟ್ಟುವ ವಸ್ತು.

ನೀನು ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಡಿಪ್ಲೊಮಾ ಮಾಡಿದವನು. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಹುಟ್ಟಿದ ಆ ಸಂಸ್ಥೆ ಫೈಲ್ ಹಿಡಿಯುವುದರಿಂದ ಹಿಡಿದು ಸಿಎನ್‌ಸಿವರೆಗೆ ನಿನಗೆ ಕಲಿಸಿದೆ. ಆದರೆ ಹೊಸ ಅಚ್ಚು ಮಾಡುವ ವಿದ್ಯೆ ಬೇರೆ, ಒಡೆದ ಅಚ್ಚನ್ನು ಉಳಿಸುವ ವಿದ್ಯೆ ಬೇರೆ ಕಣಪ್ಪ. ಬೆಸುಗೆಗೆ ಹಿಡಿಯುವುದು ಅರ್ಧ ಗಂಟೆ. ಅದಕ್ಕೆ ಮೊದಲು ಕಾಯಿಸುವುದು, ಆಮೇಲೆ ತಣಿಸುವುದು, ಟೆಂಪರ್ ಮಾಡುವುದು ಎಲ್ಲ ಸೇರಿದರೆ ಒಂದು ಹಗಲು, ಒಂದು ರಾತ್ರಿ. ಗಿರಾಕಿ ಆ ಅರ್ಧ ಗಂಟೆಯನ್ನು ಮಾತ್ರ ನೋಡುತ್ತಾನೆ, ಅದಕ್ಕೇ ದುಡ್ಡು ಕೊಡಲು ಹೊರಡುತ್ತಾನೆ. ಮಿಕ್ಕ ಹೊತ್ತನ್ನು ಅವನಿಗೆ ಬಿಟ್ಟುಕೊಡಬೇಡ ಅನ್ನುವುದೇ ನಾನು ಹೇಳಬೇಕಾದದ್ದು. ಕೆಳಗಿರುವುದೆಲ್ಲ ಅದರ ವಿವರ.

• ಉಕ್ಕಿನ ಹೆಸರು ತಿಳಿಯದೆ ಟಾರ್ಚ್ ಕೈಗೆತ್ತಿಕೊಳ್ಳಬೇಡ. ಕೇಳಿದರೆ ಗಿರಾಕಿ ‘ಒಳ್ಳೇ ಸ್ಟೀಲು ಸಾರ್’ ಅನ್ನುತ್ತಾನೆ, ಅವನಿಗೆ ಗೊತ್ತಿರುವುದು ಅಷ್ಟೇ. ಪ್ಲಾಸ್ಟಿಕ್ ಮೋಲ್ಡ್‌ನ ಕೋರ್, ಕ್ಯಾವಿಟಿ ಹೆಚ್ಚಾಗಿ ಪಿ20; ಅದು ಗಿರಣಿಯಿಂದಲೇ 30 ಎಚ್‌ಆರ್‌ಸಿ ಆಸುಪಾಸಿನ ಗಡಸುತನದೊಂದಿಗೆ ಬರುತ್ತದೆ. ಅಲ್ಯೂಮಿನಿಯಂ ಡೈಕಾಸ್ಟಿಂಗ್ ಅಚ್ಚು ಎಚ್13, ನಮ್ಮವರ ಬಾಯಲ್ಲಿ ಎಚ್‌ಡಿಎಸ್, ಸುಮಾರು 44ರಿಂದ 48. ಪ್ರೆಸ್ ಟೂಲಿನ ಪಂಚು, ಡೈ ಎಂದರೆ ಡಿ2, ಅಂದರೆ ಎಚ್‌ಸಿಎಚ್‌ಸಿಆರ್, 58ರಿಂದ 62. ಪಿ20ರಲ್ಲಿ ಇಂಗಾಲ ಶೇ. 0.4ರ ಆಸುಪಾಸು, ಡಿ2ನಲ್ಲಿ ಶೇ. 1.5. ಇಂಗಾಲ ಏರಿದಷ್ಟೂ ಬೆಸುಗೆಯ ಪಕ್ಕದ ಉಕ್ಕು ತಟ್ಟನೆ ತಣಿದು ಗಡುಸಾಗಿ ಸೀಳುತ್ತದೆ. ಬೆಸುಗೆ ಗಟ್ಟಿಯಾಗಿ ನಿಂತು, ಅದರ ಪಕ್ಕದಲ್ಲೇ ಕೂದಲೆಳೆಯ ಬಿರುಕು ಬರುವುದು ಇದಕ್ಕೇ.

ಡ್ರಾಯಿಂಗ್ ಇದ್ದರೆ ತರಿಸಿಕೋ, ಇಲ್ಲದಿದ್ದರೆ ಸ್ಪೆಕ್ಟ್ರೋ ಟೆಸ್ಟ್ ಮಾಡಿಸು. ಕೈಯಲ್ಲಿ ಹಿಡಿಯುವ ಹಾರ್ಡ್‌ನೆಸ್ ಟೆಸ್ಟರ್ ಒಂದನ್ನು ಶೆಡ್ಡಿಗೆ ಮೊದಲ ತಿಂಗಳಲ್ಲೇ ತೆಗೆದುಕೋ. ಹಳೆಯವರ ಕಿಡಿ ನೋಡುವ ಪದ್ಧತಿಯನ್ನೂ ಕಲಿ: ಗ್ರೈಂಡರಿಗೆ ಹಿಡಿದಾಗ ಇಎನ್8 ಕಿಡಿ ಉದ್ದವಾಗಿ ಹಾರಿ ಕವಲೊಡೆಯುತ್ತದೆ, ಕ್ರೋಮಿಯಂ ಜಾಸ್ತಿ ಇರುವ ಡಿ2 ಕಿಡಿ ಗಿಡ್ಡ, ಕೆಂಪುಗಪ್ಪು. ಕಿಡಿ ನೋಡಿ ಉಕ್ಕಿನ ಜಾತಿ ಅಂದಾಜು ಮಾಡಬಹುದು, ಗ್ರೇಡ್ ಹೇಳಲಾಗದು. ಗೊತ್ತಿರುವ ತುಂಡುಗಳನ್ನು ಹೆಸರು ಕೊರೆದು ಗೋಡೆಗೆ ನೇತುಹಾಕಿಕೋ, ಪಕ್ಕಪಕ್ಕ ಹಿಡಿದು ನೋಡುವುದಕ್ಕೆ.

• ಯಾಕೆ ಒಡೆಯಿತು ಎಂದು ಕೇಳು. ಪಾರ್ಟಿಂಗ್ ಲೈನ್ ಕುಸಿದಿದ್ದರೆ ಕ್ಲ್ಯಾಂಪಿಂಗ್ ಟನ್ನೇಜ್ ಎಷ್ಟು ಇಟ್ಟಿದ್ದರು, ಮಧ್ಯೆ ಕಾಂಪೋನೆಂಟ್ ಸಿಕ್ಕಿಕೊಂಡು ಅಚ್ಚು ಅದರ ಮೇಲೇ ಮುಚ್ಚಿತೇ ಎಂದು ವಿಚಾರಿಸು. ಗೇಟ್ ಹತ್ತಿರ ಸವೆದಿದ್ದರೆ ಗ್ಲಾಸ್ ತುಂಬಿದ ನೈಲಾನ್ ಓಡಿಸಿರುತ್ತಾರೆ. ಕ್ಯಾವಿಟಿ ತುಂಬ ಸಣ್ಣ ಗುಂಡಿ ಬಿದ್ದಿದ್ದರೆ ಪಿವಿಸಿ ಇರಬಹುದು, ಅದು ಸುಟ್ಟಾಗ ಬಿಡುವ ಹೈಡ್ರೋಕ್ಲೋರಿಕ್ ಆಮ್ಲ ಉಕ್ಕನ್ನು ತಿನ್ನುತ್ತದೆ. ಒಳಮೂಲೆಯಿಂದ ಬಿರುಕು ಎದ್ದಿದ್ದರೆ ತಪ್ಪು ಡ್ರಾಯಿಂಗಿನಲ್ಲೇ ಇದೆ. ಏಸಿ ರೂಮಿನಲ್ಲಿ ಕೂತು ತ್ರೀಡಿ ಮಾಡೆಲ್ ಬಿಡಿಸುವ ಹುಡುಗರಿಗೆ ಮೂಲೆ ಚೂಪಾಗಿದ್ದರೆ ಕಣ್ಣಿಗೆ ಚಂದ. ಒತ್ತಡವೆಲ್ಲ ಅಲ್ಲೇ ಬಂದು ಸೇರುವುದು ಪರದೆಯಲ್ಲಿ ಕಾಣುವುದಿಲ್ಲ. ಗಿರಾಕಿಯ ಒಪ್ಪಿಗೆ ಪಡೆದು ಆ ಮೂಲೆಗೆ ಅರ್ಧ ಮಿಲಿಮೀಟರ್ ರೇಡಿಯಸ್ ಆದರೂ ಕೊಡಿಸು. ಕಾರಣ ಹಾಗೇ ಉಳಿದರೆ ಅದೇ ಅಚ್ಚು ಅದೇ ಜಾಗದಲ್ಲಿ ಒಡೆದು ವಾಪಸ್ ಬರುತ್ತದೆ, ಆಗ ಹೆಸರು ಕೆಡುವುದು ನಿನ್ನದು.

• ಕಣ್ಣಿಗೆ ಕಾಣುವ ಬಿರುಕು ಅರ್ಧ ಬಿರುಕು. ಚೆನ್ನಾಗಿ ತೊಳೆದು ಡೈ ಪೆನೆಟ್ರೆಂಟ್ ಹಚ್ಚು: ಕೆಂಪು ಬಣ್ಣ, ಒರೆಸು, ಬಿಳಿ ಡೆವಲಪರ್. ಕೆಂಪು ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಸ್ವಲ್ಪ ಮುಂದಕ್ಕೆ ತೂತು ಕೊರೆದು ಬಿರುಕಿಗೆ ತಡೆ ಹಾಕು. ಆಮೇಲೆ ಬಿರುಕನ್ನು ಪೂರ್ತಿ ತೋಡಿ ತೆಗೆದು ಮತ್ತೆ ಪೆನೆಟ್ರೆಂಟ್ ಹಾಕು. ತೋಡಿದ ಕಾಲುವೆಯ ತಳ ದುಂಡಗೆ, ಬಾಯಿ ಅಗಲವಾಗಿರಲಿ. ಚೂಪು ತಳದ ‘ವಿ’ ಕಾಲುವೆಯಲ್ಲಿ ಟಂಗ್‌ಸ್ಟನ್ ತುದಿ ತಳ ಮುಟ್ಟುವುದಿಲ್ಲ, ಬೇರು ಕೂಡುವುದಿಲ್ಲ. ಬಿರುಕಿನ ಮೇಲೆ ಹಾಗೇ ಗೆರೆ ಎಳೆದು ಗ್ರೈಂಡ್ ಮಾಡಿ ಕಳಿಸುವವರು ನಮ್ಮ ಊರಿನಲ್ಲಿ ಬೇಕಾದಷ್ಟು ಇದ್ದಾರೆ, ನೀನು ಅವರ ಜೊತೆ ರೇಟಿನಲ್ಲಿ ಪೈಪೋಟಿಗೆ ಇಳಿಯಬೇಡ.

• ಮೇಲಿನ ಪದರ ಏನೆಂದು ನೋಡು. ನೈಟ್ರೈಡಿಂಗ್ ಆದ ಮೈ ಮೇಲೆ ಬೆಸುಗೆ ಹಾಕಿದರೆ ಸಾರಜನಕ ಗುಳ್ಳೆಯಾಗಿ ಏಳುತ್ತದೆ, ಬೆಸುಗೆ ತುಂಬ ರಂಧ್ರ. ಆ ಪದರವನ್ನು ಮೊದಲು ಗ್ರೈಂಡ್ ಮಾಡಿ ತೆಗೆ. ಹಾರ್ಡ್ ಕ್ರೋಮ್ ಇದ್ದರೆ ಪ್ಲೇಟಿಂಗ್‌ನವರ ಹತ್ತಿರವೇ ತೆಗೆಸು; ಕ್ರೋಮಿನ ಮೇಲೆ ಆರ್ಕ್ ಹೊಡೆದಾಗ ಏಳುವ ಹೊಗೆ ಶ್ವಾಸಕೋಶಕ್ಕೆ ವಿಷ. ಈಡಿಎಂ ಮಾಡಿದ ಮೈಯಲ್ಲಿ ಸುಟ್ಟು ಮತ್ತೆ ಹೆಪ್ಪುಗಟ್ಟಿದ ತೆಳ್ಳನೆಯ ಬಿಳಿ ಪದರ ಇರುತ್ತದೆ, ಅದರೊಳಗೆ ಸೂಕ್ಷ್ಮ ಬಿರುಕುಗಳೂ ಇರುತ್ತವೆ. ಅದನ್ನೂ ಸ್ಟೋನ್ ಹಾಕಿ ತೆಗೆ. ಮೊದಲೇ ಯಾರೋ ಬೆಸುಗೆ ಹಾಕಿದ್ದರೆ ಅವರು ಯಾವ ರಾಡ್ ಬಳಸಿದ್ದರೆಂದು ಯಾರಿಗೂ ನೆನಪಿರುವುದಿಲ್ಲ, ಹಳೆಯದನ್ನು ಪೂರ್ತಿ ಕಿತ್ತು ಹಾಕು.

• ಅಚ್ಚನ್ನು ಬಿಚ್ಚದೆ ಕಾಯಿಸಬೇಡ. ಇದೊಂದು ವಿಷಯದಲ್ಲಿ ನಾನು ಜಗಳಗಂಟ. ಪ್ರೆಸ್ ಟೂಲಿನ ಗ್ಯಾಸ್ ಸ್ಪ್ರಿಂಗ್‌ನಲ್ಲಿ ಒತ್ತಿ ತುಂಬಿದ ನೈಟ್ರೋಜನ್ ಇರುತ್ತದೆ, ಬರ್ನರ್ ಬೆಂಕಿ ತಗುಲಿದರೆ ಅದು ಬಾಂಬು. ಕೂಲಿಂಗ್ ಚಾನೆಲ್‌ನಲ್ಲಿ ನೀರು ಉಳಿದು ಎರಡೂ ಕಡೆ ಪ್ಲಗ್ ಬಿಗಿದಿದ್ದರೆ ಹಬೆಯೂ ಅದೇ ಕೆಲಸ ಮಾಡುತ್ತದೆ. ಪ್ಲಗ್ ಬಿಚ್ಚು, ಗಾಳಿ ಹೊಡೆ, ಓ-ರಿಂಗ್ ತೆಗೆ, ಹಾಟ್ ರನ್ನರ್ ಹೀಟರು ಮತ್ತು ಥರ್ಮೋಕಪಲ್ ವೈರು ಬಿಡಿಸಿಡು. ಗೈಡ್ ಪಿಲ್ಲರ್ ಜೋಡಿಸಿದ ಅಚ್ಚಿಗೆ ಅರ್ಥ್ ಕ್ಲ್ಯಾಂಪ್ ಹಾಕಿದರೆ ಕರೆಂಟು ಬುಷ್ ಮೂಲಕ ಹಾಯ್ದು ಅಲ್ಲಲ್ಲಿ ಕಚ್ಚುತ್ತದೆ. ಅರ್ಥ್ ಯಾವಾಗಲೂ ಬೆಸುಗೆ ಬೀಳುವ ತುಂಡಿಗೇ ನೇರವಾಗಿ. ಬಿಚ್ಚುವ ಮೊದಲು ಪ್ರತಿ ತುಂಡಿಗೂ ನಂಬರ್ ಹೊಡೆ, ಮೊಬೈಲ್‌ನಲ್ಲಿ ಫೋಟೊ ತೆಗೆ.

• ಕಾಯಿಸುವ ಲೆಕ್ಕ ಬಾಯಿಪಾಠ ಇರಲಿ. ಪಿ20ಗೆ 200ರಿಂದ 250 ಡಿಗ್ರಿ ಸೆಲ್ಸಿಯಸ್. ಎಚ್13ಗೆ 325ರಿಂದ 375. ಡಿ2, ಓಎಚ್‌ಎನ್‌ಎಸ್‌ಗೆ 200ರಿಂದ 250. ಉಕ್ಕು ಮಾಡುವ ಕಂಪನಿಗಳ ಡೇಟಾಶೀಟ್‌ನಲ್ಲಿ ಇವೆಲ್ಲ ಇರುತ್ತವೆ, ಅಚ್ಚು ಯಾವ ಕಂಪನಿಯ ಉಕ್ಕೋ ಆ ಶೀಟನ್ನೇ ನೋಡು. ಹೊರಮೈ ಕಾದರೆ ಸಾಲದು, ಹೊಟ್ಟೆಯೂ ಕಾಯಬೇಕು: 25 ಮಿಲಿಮೀಟರ್ ದಪ್ಪಕ್ಕೆ ಒಂದು ಗಂಟೆ ಎಂದು ಹಿಡಿ. ಓವನ್ ಇದ್ದರೆ ಉತ್ತಮ. ಎಲ್‌ಪಿಜಿ ಬರ್ನರ್ ಒಂದೇ ಗತಿಯಾದರೆ ಕೆಳಗಿನಿಂದ, ನಿಧಾನವಾಗಿ, ಸುತ್ತ ಸೆರಾಮಿಕ್ ಉಣ್ಣೆ ಮುಚ್ಚಿ ಕಾಯಿಸು. ಬರೀ ಬೆಸುಗೆ ಹಾಕುವ ಜಾಗಕ್ಕೆ ಗ್ಯಾಸ್ ಕಟ್ಟರ್ ಹಿಡಿದು ಕೆಂಪಗೆ ಮಾಡುವವನ ಹತ್ತಿರ ಕೆಲಸ ಕಲಿಯಬೇಡ.

ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ನನ್ನು ಪೂರ್ತಿ ನಂಬಬೇಡ. ಪಾಲಿಶ್ ಆಗಿ ಹೊಳೆಯುವ ಮೈಗೆ ಹಿಡಿದರೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ನಿಗದಿತ ಬಿಸಿಗೆ ಕರಗುವ ಟೆಂಪರೇಚರ್ ಚಾಕ್ ಅಗ್ಗ, ಅದು ಸುಳ್ಳು ಹೇಳುವುದಿಲ್ಲ. ಬೆಸುಗೆ ನಡೆಯುವಾಗ ಬಿಸಿ ಕೆಳಗಿಳಿದರೆ ನಿಲ್ಲಿಸಿ ಮತ್ತೆ ಕಾಯಿಸು. ಮೇಲಕ್ಕೂ ಮಿತಿ ಇದೆ: ಪಿ20 ಸುಮಾರು 400, ಎಚ್13 ಸುಮಾರು 475 ದಾಟಬಾರದು.

• ರಾಡ್ ಆರಿಸುವಾಗ ‘ಗಟ್ಟಿ ರಾಡ್ ಕೊಡಿ’ ಎಂದು ಅಂಗಡಿಯಲ್ಲಿ ಕೇಳಬೇಡ. ಅಚ್ಚಿನ ಆ ಜಾಗ ಏನು ಕೆಲಸ ಮಾಡುತ್ತದೆ ಎಂದು ಯೋಚಿಸು. ಮಿರರ್ ಪಾಲಿಶ್ ಇರುವ ಕಡೆ, ಟೆಕ್ಸ್ಚರ್ ಇರುವ ಕಡೆ, ಅಚ್ಚಿನ ಉಕ್ಕಿನ ಜಾತಿಯದೇ ರಾಡ್ ಬೇಕು. ರಸಾಯನ ಬೇರೆಯಾದರೆ ಎಚ್ಚಿಂಗ್ ಆಸಿಡ್ ಬೆಸುಗೆಯನ್ನು ಒಂದು ಥರ, ಮೂಲ ಉಕ್ಕನ್ನು ಇನ್ನೊಂದು ಥರ ತಿನ್ನುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಗೆರೆ ಎದ್ದು ಕಾಣುತ್ತದೆ. ಡಿ2ನಲ್ಲಿ ಆಳವಾದ ಕಾಲುವೆ ತುಂಬುವುದಿದ್ದರೆ ಕೆಳಗೆ 29/9 ಸ್ಟೇನ್‌ಲೆಸ್ ರಾಡಿನ (ಅಂಗಡಿಯಲ್ಲಿ 312) ಮೆತ್ತನೆಯ ಪದರ ಹಾಕಿ, ಮೇಲಿನ ಎರಡು ಮೂರು ಪದರ ಮಾತ್ರ ಗಟ್ಟಿ ರಾಡಿನಲ್ಲಿ ಎಳೆ. ಮೆತ್ತನೆಯ ಪದರ ಎಳೆತವನ್ನು ನುಂಗುತ್ತದೆ. ಸ್ಟಿಕ್ ಎಲೆಕ್ಟ್ರೋಡ್ ಬಳಸುವುದಾದರೆ ಕಂಪನಿ ಹೇಳಿದ ಬಿಸಿಯಲ್ಲಿ ಒಣಗಿಸಿ ಬಳಸು. ಲೋ ಹೈಡ್ರೋಜನ್ ಎಲೆಕ್ಟ್ರೋಡಿಗೆ ಅದು ಸಾಮಾನ್ಯವಾಗಿ 300ರಿಂದ 350 ಡಿಗ್ರಿ, ಒಂದೆರಡು ಗಂಟೆ. ಮಳೆಗಾಲದಲ್ಲಿ ಶೆಡ್ಡಿನ ಮೂಲೆಯಲ್ಲಿ ತೆರೆದಿಟ್ಟ ಪ್ಯಾಕೆಟ್ ತೇವ ಹೀರುತ್ತದೆ, ತೇವದಿಂದ ಜಲಜನಕ, ಜಲಜನಕದಿಂದ ಬಿರುಕು. ಆ ಬಿರುಕು ನಿನ್ನ ಕಣ್ಣೆದುರು ಬಾರದೆ ಒಂದೆರಡು ದಿನ ಕಳೆದು, ಅಚ್ಚು ಗಿರಾಕಿಯ ಮನೆ ಸೇರಿದ ಮೇಲೆ ಬರಬಹುದು.

• ಕೈಯ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಹೇಳಿ ಬರುವಂಥದ್ದೂ ಅಲ್ಲ. ಟಿಗ್, ಸಣ್ಣ ಆಂಪಿಯರ್, ಸಣ್ಣ ರಾಡ್. ಗೆರೆ ನೇರ ಎಳೆ, ಅಗಲಕ್ಕೆ ಆಡಿಸಬೇಡ. ಮೊದಲ ಪದರ ತೆಳ್ಳಗಿರಲಿ. ಎರಡನೆಯದರ ಬಿಸಿ ಮೊದಲನೆಯದನ್ನು ಟೆಂಪರ್ ಮಾಡುತ್ತದೆ. ಆರ್ಕ್ ಹತ್ತಿಸುವುದು ಕಾಲುವೆಯ ಒಳಗೆ ಅಥವಾ ಪಕ್ಕದಲ್ಲಿಟ್ಟ ತಾಮ್ರದ ತುಂಡಿನ ಮೇಲೆ, ಅಚ್ಚಿನ ಮೈ ಮೇಲಂತೂ ಬೇಡವೇ ಬೇಡ. ಮುಗಿಸುವಾಗ ಕರೆಂಟ್ ನಿಧಾನಕ್ಕೆ ಇಳಿಸು, ಆರ್ಗಾನ್ ಇನ್ನೂ ಬರುತ್ತಿರುವಾಗ ಟಾರ್ಚನ್ನು ಅಲ್ಲೇ ಹಿಡಿದಿರು. ತಟ್ಟನೆ ಎತ್ತಿದರೆ ಕೊನೆಯ ಗುಳಿಯಲ್ಲಿ ನಕ್ಷತ್ರದಾಕಾರದ ಬಿರುಕು. ಅಂಚು ತುಂಬುವಾಗ ಹೊರಗಡೆ ತಾಮ್ರ ಇಲ್ಲವೇ ಗ್ರಾಫೈಟ್ ಒತ್ತು ಕೊಟ್ಟರೆ ಲೋಹ ಜಾರುವುದಿಲ್ಲ. ಒಂದರಿಂದ ಒಂದೂವರೆ ಮಿಲಿಮೀಟರ್ ಹೆಚ್ಚುವರಿ ಬಿಡು. ಫ್ಯಾನ್ ಗಾಳಿ ಆರ್ಗಾನನ್ನು ಹಾರಿಸಿಕೊಂಡು ಹೋಗುತ್ತದೆ, ಸೆಕೆಯಾದರೂ ಆ ಹೊತ್ತು ತಡೆದುಕೋ.

• ಲೇಸರ್ ವೆಲ್ಡಿಂಗ್ ಬಂದ ಮೇಲೆ ಟಿಗ್ ಸತ್ತಿತು ಎನ್ನುವವರಿದ್ದಾರೆ, ಕಿವಿಗೆ ಹಾಕಿಕೊಳ್ಳಬೇಡ. ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಅರ್ಧ ಮಿಲಿಮೀಟರಿಗಿಂತ ತೆಳು ತಂತಿಯನ್ನು ಕರಗಿಸಿ ಕೂರಿಸುವ ಕೆಲಸ ಲೇಸರಿನದು. ಪಾರ್ಟಿಂಗ್ ಲೈನಿನ ಚೂಪು ಅಂಚು, ಪಾಲಿಶ್ ಮೈಯಲ್ಲಿ ಬಿದ್ದ ಒಂದು ಸಣ್ಣ ಕಚ್ಚು, ತೆಳು ರಿಬ್ಬು, ಇವಕ್ಕೆ ಅದಕ್ಕಿಂತ ಮಿಗಿಲಾದದ್ದಿಲ್ಲ. ಬಿಸಿ ಹರಡುವುದೇ ಇಲ್ಲ ಅನ್ನಬಹುದು, ಹೆಚ್ಚಿನ ಕೆಲಸಕ್ಕೆ ಮುಂಚೆ ಕಾಯಿಸುವುದೂ ಬೇಡ. ಆದರೆ ಬೆರಳು ತೂರುವಷ್ಟು ಗುಂಡಿ ತುಂಬಬೇಕೆಂದರೆ ಲೇಸರಿಗೆ ದಿನಗಟ್ಟಲೆ ಬೇಕು. ಶುರುವಿನಲ್ಲೇ ಸಾಲ ಮಾಡಿ ಆ ಮೆಷಿನ್ ಕೊಳ್ಳಬೇಡ. ಲೇಸರ್ ಇಟ್ಟುಕೊಂಡವರಿಗೆ ಸಣ್ಣ ಕೆಲಸ ಕಳಿಸು, ಅವರು ದೊಡ್ಡದನ್ನು ನಿನಗೆ ಕಳಿಸುವಂತೆ ಮಾಡಿಕೋ. ಆ ಕಿರಣ ಕಣ್ಣಿಗೆ ಕಾಣದು, ಕಣ್ಣನ್ನು ಮಾತ್ರ ಸುಡುತ್ತದೆ; ಅದರದೇ ಕನ್ನಡಕ ಇಲ್ಲದೆ ಆ ರೂಮಿಗೆ ಕಾಲಿಡಬೇಡ.

• ತಣಿಸುವುದು, ಟೆಂಪರ್ ಮಾಡುವುದು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ, ಅದರಲ್ಲೂ ನಿನ್ನ ಜಾಗಕ್ಕೆ ಇದು ದೊಡ್ಡ ಕಷ್ಟ. ಬೆಸುಗೆ ಮುಗಿದ ಎಚ್13 ಅಚ್ಚನ್ನು ಮೊದಲ ಎರಡು ಮೂರು ಗಂಟೆ ಗಂಟೆಗೆ 20ರಿಂದ 40 ಡಿಗ್ರಿಯಂತೆ ಇಳಿಸಬೇಕು. ಓವನ್‌ನಲ್ಲಾದರೆ ಸರಿ, ಇಲ್ಲದಿದ್ದರೆ ಸೆರಾಮಿಕ್ ಉಣ್ಣೆ ಸುತ್ತಿ ಒಣ ಸುಣ್ಣದ ಪುಡಿಯಲ್ಲಿ ಹೂತಿಡು. ಕೈ ತಾಳುವಷ್ಟು ಬೆಚ್ಚಗಾದ ಕೂಡಲೇ ಟೆಂಪರಿಂಗ್ ಒಲೆಗೆ ಹೋಗಬೇಕು. ಅಚ್ಚು ಮೊದಲು ಯಾವ ಬಿಸಿಯಲ್ಲಿ ಟೆಂಪರ್ ಆಗಿತ್ತೋ ಅದಕ್ಕಿಂತ 10ರಿಂದ 20 ಡಿಗ್ರಿ ಕಡಿಮೆ ಇರಲಿ, ಮೀರಿದರೆ ಇಡೀ ಅಚ್ಚು ಮೆತ್ತಗಾಗುತ್ತದೆ. ಪಿ20ರಲ್ಲಿ ದೊಡ್ಡ ಬೆಸುಗೆಯಾದರೆ 550 ಡಿಗ್ರಿಯಲ್ಲಿ ಎರಡು ಗಂಟೆ.

ಈಗ ಲೆಕ್ಕ ಹಾಕು. ನೀನು ನಗರದ ಪೂರ್ವ ತುದಿ; ಹೀಟ್ ಟ್ರೀಟ್‌ಮೆಂಟಿನವರು ಹೆಚ್ಚಾಗಿರುವುದು ಪೀಣ್ಯದಲ್ಲಿ, ವಾಯವ್ಯದ ತುದಿ. ಮನುಷ್ಯನಾದರೆ ಕುಂದಲಹಳ್ಳಿ ಸ್ಟೇಷನ್‌ನಲ್ಲಿ ನೇರಳೆ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಾಯಿಸಿ ಹೋಗಿಬಿಡಬಹುದು. ಅಚ್ಚು ಹೋಗಬೇಕಾದದ್ದು ಟಾಟಾ ಏಸ್‌ನಲ್ಲಿ, ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ. ತೆರೆದ ಗಾಡಿಯಲ್ಲಿ ಸಂಜೆ ಮಳೆ ಸಿಕ್ಕರೆ ನಿನ್ನ ಬೆಸುಗೆ ಕಥೆ ಮುಗಿಯಿತು. ಆದ್ದರಿಂದ ಒಲೆ ಖಾಲಿ ಇದೆಯೇ ಎಂದು ಮೊದಲೇ ಫೋನ್ ಮಾಡಿ, ಹೊತ್ತು ಗೊತ್ತುಮಾಡಿಕೊಂಡು, ಆಮೇಲೆ ಅಚ್ಚು ಕಾಯಿಸಲು ಶುರು ಮಾಡು. ಬೆಸುಗೆಯನ್ನು ರಾತ್ರಿಗೆ ಇಟ್ಟುಕೊಂಡರೆ ಮುಂಜಾನೆ ರಸ್ತೆ ಖಾಲಿ ಇರುವಾಗ ಅಚ್ಚನ್ನು ಉಣ್ಣೆ ಸುತ್ತಿ, ಟಾರ್ಪಾಲ್ ಹೊದಿಸಿ ಸಾಗಿಸಬಹುದು. ದುಡ್ಡು ಕೂಡಿದ ಕೂಡಲೇ ಲೇಸರಿಗಿಂತ ಮೊದಲು 650 ಡಿಗ್ರಿವರೆಗೆ ಹೋಗುವ ಸಣ್ಣ ಎಲೆಕ್ಟ್ರಿಕ್ ಒಲೆ ಕೊಳ್ಳು. ಬೆಸ್ಕಾಂ ಕರೆಂಟ್ ಹೋದರೆ ಒಲೆ ಬಾಗಿಲು ತೆಗೆದು ನೋಡುವ ಚಪಲ ಬೇಡ, ಮುಚ್ಚಿದ ಒಲೆ ತಾನೇ ನಿಧಾನವಾಗಿ ತಣಿಯುತ್ತದೆ.

• ಡೈಕಾಸ್ಟಿಂಗ್ ಅಚ್ಚಿನ ಮೈ ಮೇಲೆ ಜೇಡರ ಬಲೆಯಂತೆ ಕಾಣುವ ಬಿರುಕುಗಳನ್ನು ಹೀಟ್ ಚೆಕ್ ಅನ್ನುತ್ತಾರೆ. 650 ಡಿಗ್ರಿ ದಾಟಿದ ಅಲ್ಯೂಮಿನಿಯಂ ಬಂದು ಬೀಳುತ್ತದೆ, ಮರುಕ್ಷಣ ತಣ್ಣನೆಯ ಲೂಬ್ರಿಕೆಂಟ್ ಸ್ಪ್ರೇ. ದೋಸೆ ಕಾವಲಿಗೆ ನೀರು ಚಿಮುಕಿಸುವುದು ಪ್ರತಿ ಶಾಟಿಗೂ ನಡೆಯುತ್ತದೆ. ಇದನ್ನು ಪೂರ್ತಿ ವಾಸಿ ಮಾಡುವ ಬೆಸುಗೆ ಇಲ್ಲ. ಬಲೆ ತೆಳುವಾಗಿದ್ದಾಗಲೇ ಸ್ಟೋನ್ ಹಾಕಿ ಉಜ್ಜಿಸು, ಒತ್ತಡ ಕಳೆಯುವ ಟೆಂಪರಿಂಗನ್ನು ಆಗಾಗ ಮಾಡಿಸು. ಆಳಕ್ಕಿಳಿದ ಒಂದೆರಡು ಬಿರುಕನ್ನು ಮಾತ್ರ ತೋಡಿ ಬೆಸೆ. ಗಿರಾಕಿಗೆ ಒಂದು ಮಾತು ಕೂಗಿ ಹೇಳು: ಬೆಳಗಿನ ಮೊದಲ ಶಾಟಿಗೆ ಮುಂಚೆ ಅಚ್ಚನ್ನು 180ರಿಂದ 250 ಡಿಗ್ರಿಗೆ ಕಾಯಿಸದೆ ಲೋಹ ಹಾಕಬೇಡ. ಶಾಟ್ ಹಾಕುತ್ತಾ ಹಾಕುತ್ತಾ ಅದೇ ಕಾಯುತ್ತದೆ ಅನ್ನುವ ಸೂಪರ್‌ವೈಸರ್ ಇರುವ ತನಕ ನಿನ್ನ ಶೆಡ್ಡಿಗೆ ಕೆಲಸಕ್ಕೆ ಬರವಿಲ್ಲ.

• ನೀರಿನ ಕಡೆ ನೋಡು. ವೈಟ್‌ಫೀಲ್ಡ್ ಬೆಲ್ಟಿನ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಗಡಸು. ಮನೆಯ ಗೀಸರಿನ ಕಾಯಿಲ್ ಮೇಲೆ ಕೂರುವ ಬಿಳಿ ಪದರವೇ ಕೂಲಿಂಗ್ ಚಾನೆಲ್ ಒಳಗೂ ಕೂರುತ್ತದೆ. ಪದರ ದಪ್ಪವಾದಂತೆ ಉಕ್ಕಿನ ಬಿಸಿ ನೀರಿಗೆ ಇಳಿಯುವುದಿಲ್ಲ, ಒಂದು ಕಡೆ ಕಾದು, ಇನ್ನೊಂದು ಕಡೆ ತಣ್ಣಗಿದ್ದು ಅಚ್ಚು ಸೊಟ್ಟಗಾಗುತ್ತದೆ, ಬಿರುಕೂ ಬಿಡುತ್ತದೆ. ರಿಪೇರಿಗೆ ಬಂದ ಪ್ರತಿ ಅಚ್ಚಿನ ಚಾನೆಲನ್ನೂ ಡಿಸ್ಕೇಲಿಂಗ್ ದ್ರಾವಣ ಓಡಿಸಿ ತೊಳೆದುಕೊಡು, ಆಮೇಲೆ ಶುದ್ಧ ನೀರಲ್ಲಿ ಜಾಲಿಸಿ ಗಾಳಿ ಹೊಡೆ. ಬಿರುಕು ಚಾನೆಲ್ ಮುಟ್ಟಿದ್ದರೆ ತೊಳೆದ ಮೇಲೆ ಓವನ್‌ನಲ್ಲಿ ಒಣಗಿಸದೆ ಬೆಸೆಯಬೇಡ, ಬೆಸೆದ ಮೇಲೆ ನೀರಿನ ಒತ್ತಡ ಹಾಕಿ ಸೋರುತ್ತದೆಯೇ ನೋಡದೆ ಕಳಿಸಬೇಡ.

• ಎರಕದ ಕಬ್ಬಿಣದ ಡ್ರಾ ಡೈ ಬಂದರೆ ಮೇಲೆ ಹೇಳಿದ್ದನ್ನೆಲ್ಲ ಅರ್ಧ ಮರೆತುಬಿಡು. ನಿಕ್ಕಲ್ ಅಥವಾ ನಿಕ್ಕಲ್-ಕಬ್ಬಿಣದ ಎಲೆಕ್ಟ್ರೋಡ್, ಬೆರಳುದ್ದಕ್ಕಿಂತ ಗಿಡ್ಡ ಗೆರೆ, ಗೆರೆ ಬಿಸಿ ಇರುವಾಗಲೇ ದುಂಡು ಮೂತಿಯ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟು, ಕೈ ಇಡುವಷ್ಟು ತಣಿದ ಮೇಲೆ ಮುಂದಿನ ಗೆರೆ, ಅದೂ ಬೇರೆ ಜಾಗದಲ್ಲಿ.

• ಪ್ರಾಣದ ವಿಷಯ. ಡೈ ತೊಳೆಯಲು ಟ್ರೈಕ್ಲೋರೋಎಥಿಲೀನ್, ಕ್ಲೋರಿನ್ ಇರುವ ಕ್ಲೀನಿಂಗ್ ಸ್ಪ್ರೇ ಬಳಸಿ ಅದು ಆರುವ ಮೊದಲು ಆರ್ಕ್ ಹೊಡೆದರೆ ಫಾಸ್ಜೀನ್ ಹುಟ್ಟುತ್ತದೆ, ಅದು ಯುದ್ಧದಲ್ಲಿ ಬಳಸಿದ ವಿಷಾನಿಲ. ಅಸಿಟೋನ್‌ನಲ್ಲಿ ಒರೆಸು, ಪೂರ್ತಿ ಆರಲಿ. ಬೆರಿಲಿಯಂ ಕಾಪರ್ ಇನ್ಸರ್ಟನ್ನು ಬೆಸೆಯಲೂ ಬೇಡ, ಒಣ ಗ್ರೈಂಡ್ ಮಾಡಲೂ ಬೇಡ. ಆ ಧೂಳು ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ. ಆರ್ಗಾನ್ ಗಾಳಿಗಿಂತ ಭಾರ, ಮುಚ್ಚಿದ ಗುಂಡಿಯಂಥ ಜಾಗದಲ್ಲಿ ತಳಕ್ಕೆ ಕೂರುತ್ತದೆ, ಮೂಗಿಗೆ ಗೊತ್ತಾಗುವುದಿಲ್ಲ. ಕೆಂಪು ತುದಿಯ ಟಂಗ್‌ಸ್ಟನ್‌ನಲ್ಲಿ ಥೋರಿಯಂ ಇದೆ, ಮಸೆದ ಧೂಳು ಒಳ್ಳೆಯದಲ್ಲ. ಲ್ಯಾಂಥನಂ ಇರುವುದನ್ನು ತರಿಸು. ಅಚ್ಚು ಎತ್ತುವಾಗ ಎರಡು ಹೋಳುಗಳಿಗೆ ಅಡ್ಡಪಟ್ಟಿ ಬಿಗಿಯದೆ ಕ್ರೇನ್ ಮುಟ್ಟಿಸಬೇಡ. ಹತ್ತಿ ಬಟ್ಟೆ ಹಾಕಿಕೋ, ನೈಲಾನ್ ಟೀ-ಶರ್ಟ್ ಬೇಡ. ಐಟಿ ಕಂಪನಿಯ ಹಳೇ ಟೀ-ಶರ್ಟುಗಳನ್ನು ಸ್ನೇಹಿತರು ಕೊಡುತ್ತಾರೆ, ಅವನ್ನು ಮನೆಯಲ್ಲಿ ಹಾಕಿಕೋ.

• ಬೆಸುಗೆಯ ಮೇಲೆ ಮೆಷಿನಿಂಗ್, ಸ್ಪಾರ್ಕ್, ಸ್ಟೋನ್, ಡೈಮಂಡ್ ಪೇಸ್ಟ್ ಎಲ್ಲ ಆದ ಮೇಲೆ ಬ್ಲೂ ಹಚ್ಚಿ ಎರಡು ಹೋಳನ್ನು ಕೂರಿಸಿ ನೋಡು. ಬ್ಲೂ ಒಂದೇ ಸಮ ಹತ್ತದಿದ್ದರೆ ಫ್ಲ್ಯಾಶ್ ಬರುವುದು ಖಂಡಿತ. ವೆಂಟ್‌ಗಳ ಆಳ ಪ್ಲಾಸ್ಟಿಕ್‌ಗೆ ತಕ್ಕಂತೆ 0.02-0.03 ಮಿಲಿಮೀಟರ್ ಇರುತ್ತದೆ. ಬೆಸೆದು ಪಾಲಿಶ್ ಮಾಡುವ ಭರದಲ್ಲಿ ಅವು ಮುಚ್ಚಿಹೋಗುತ್ತವೆ, ಮರೆಯದೆ ಮತ್ತೆ ಕೊರೆ. ಪ್ರೆಸ್ ಟೂಲ್ ಆದರೆ ಪಂಚು, ಡೈ ನಡುವಿನ ಕ್ಲಿಯರೆನ್ಸ್ ಪ್ರತಿ ಪಕ್ಕಕ್ಕೆ ತಗಡಿನ ದಪ್ಪದ ಶೇ. 5ರಿಂದ 10. ಟೆಂಪರ್ ಆಗಿ ಬಂದ ಮೇಲೆ, ಪಾಲಿಶ್ ಆದ ಮೇಲೆ, ಎರಡು ಸಲವೂ ಪೆನೆಟ್ರೆಂಟ್ ಹಾಕು. ಟ್ರಯಲ್ ಗಿರಾಕಿಯ ಮೆಷಿನ್‌ನಲ್ಲಿ ಆಗುವಾಗ ನೀನೂ ನಿಂತಿರು.

• ಅಚ್ಚು ಗಿರಾಕಿಯ ಆಸ್ತಿ, ಅದರ ಕಾಗದವೂ ಸರಿ ಇರಲಿ. ಡೆಲಿವರಿ ಚಲನ್ ಇಲ್ಲದೆ ಗೇಟ್ ಒಳಗೆ ಬಿಟ್ಟುಕೊಳ್ಳಬೇಡ, ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಕೇಳು. ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್‌ನಲ್ಲಿ ಜಾಬ್ ವರ್ಕಿಗೆ ಹೋದ ಬಂಡವಾಳ ಸಾಮಗ್ರಿ ಮೂರು ವರ್ಷದಲ್ಲಿ ವಾಪಸ್ ಬರಬೇಕು ಎಂದಿದೆ, ಮೋಲ್ಡ್, ಡೈ, ಜಿಗ್, ಫಿಕ್ಸ್ಚರ್‌ಗಳಿಗೆ ಆ ಗಡುವಿಲ್ಲ. ಆಡಿಟರ್ ಗಾಬರಿ ಮಾಡಿದರೆ ಇದನ್ನು ತೋರಿಸು. ಕೊಟೇಶನ್‌ನಲ್ಲಿ ಕಾಯಿಸುವುದು, ಟೆಂಪರಿಂಗ್, ಸಾಗಣೆ ಬೇರೆ ಬೇರೆ ಸಾಲಿನಲ್ಲಿ ಬರೆ. ಗಿರಾಕಿ ಟೆಂಪರಿಂಗ್ ಸಾಲನ್ನು ಹೊಡೆದುಹಾಕಿದರೆ ಗ್ಯಾರಂಟಿ ಸಾಲನ್ನು ನೀನು ಹೊಡೆದುಹಾಕು.

• ಪ್ರತಿ ಅಚ್ಚಿಗೂ ಒಂದು ಕಾರ್ಡ್: ಉಕ್ಕು, ಗಡಸುತನ, ಎಲ್ಲಿ ಬೆಸೆದೆ, ಯಾವ ರಾಡ್, ಎಷ್ಟು ಬಿಸಿ, ಟೆಂಪರಿಂಗ್ ಚಾರ್ಟ್. ಎರಡನೇ ಸಲ ಅದೇ ಅಚ್ಚು ಬಂದಾಗ ಬೆಲೆ ಹೇಳಲು ಈ ಕಾರ್ಡು ಬೇಕಾಗುತ್ತದೆ.

• ಆಯುಧಪೂಜೆಗೆ ಅಚ್ಚಿಗೆ ಅರಿಶಿನ ಕುಂಕುಮ ಹಚ್ಚಲೇಬೇಕು, ಬೇಡ ಅನ್ನುವುದಿಲ್ಲ. ಕ್ಲ್ಯಾಂಪ್ ಪ್ಲೇಟಿನ ಹೊರಮೈಗೆ ಹಚ್ಚು. ಪಾಲಿಶ್ ಆದ ಕ್ಯಾವಿಟಿಗೆ ಒದ್ದೆ ಬೆರಳು ತಾಗಿದರೂ ರಜೆ ಮುಗಿಯುವಷ್ಟರಲ್ಲಿ ತುಕ್ಕಿನ ಚುಕ್ಕೆ. ರಜೆಗೆ ಮುನ್ನ ಕೊನೆಯ ಕೆಲವು ಶಾಟ್‌ಗಳನ್ನು ಕೂಲಿಂಗ್ ನೀರು ನಿಲ್ಲಿಸಿ ಹಾಕಲು ಗಿರಾಕಿಗೆ ಹೇಳು, ಅಚ್ಚು ಬೆಚ್ಚಗಿದ್ದರೆ ಮೈ ಬೆವರುವುದಿಲ್ಲ. ಆಮೇಲೆ ಚಾನೆಲ್‌ಗೆ ಗಾಳಿ, ಮೈಗೆ ಆಂಟಿರಸ್ಟ್ ಸ್ಪ್ರೇ, ಅಚ್ಚು ಮುಚ್ಚಿಡುವುದು.

• ಕೆಲವು ಅಚ್ಚನ್ನು ಬೆಸೆಯುವುದಿಲ್ಲ ಎಂದು ಹೇಳಲು ಕಲಿ. ಡಿ2 ಪಂಚಿನ ಕತ್ತರಿಸುವ ಅಂಚು ಪೂರ್ತಿ ಉದುರಿದ್ದರೆ ವೈರ್‌ಕಟ್‌ನಲ್ಲಿ ಹೊಸ ಪಂಚ್ ತೆಗೆಸುವುದೇ ಅಗ್ಗ. 7075 ಅಲ್ಯೂಮಿನಿಯಂನ ಸ್ಯಾಂಪಲ್ ಮೋಲ್ಡ್ ಬೆಸೆಯುತ್ತಿದ್ದಂತೆಯೇ ಸೀಳುತ್ತದೆ. ಬೆಸೆದ ಜಾಗದಲ್ಲೇ ಮತ್ತೆ ಮತ್ತೆ ಬಿರುಕು ಬಂದ ಎಚ್13 ಅಚ್ಚಿಗೆ ಇನ್ನೊಂದು ಬೆಸುಗೆ ಹಾಕಿ ಬಿಲ್ ಮಾಡಬೇಡ. ಆ ಭಾಗವನ್ನು ಪಾಕೆಟ್ ಹೊಡೆದು ತೆಗೆ, ಮೂಲೆಗಳಿಗೆ ರೇಡಿಯಸ್ ಕೊಡು, ಅದೇ ಉಕ್ಕಿನ ಇನ್ಸರ್ಟ್ ಮಾಡಿಸಿ ಹಿಂಭಾಗದಿಂದ ಬೋಲ್ಟ್ ಹಾಕಿ ಕೂರಿಸು. ಪಾಕೆಟ್ ಕೂಲಿಂಗ್ ಚಾನೆಲ್ ಅಡ್ಡ ಹಾಯ್ದರೆ ಓ-ರಿಂಗಿಗೆ ಗ್ರೂವ್ ತೆಗೆಯುವಷ್ಟು ಜಾಗ ಉಳಿದಿದೆಯೇ ಎಂದು ಡ್ರಾಯಿಂಗ್‌ನಲ್ಲಿ ಅಳೆದು ನೋಡಿ, ಆಮೇಲೆ ಗಿರಾಕಿಗೆ ದಿನ ಕೊಡು.